ಕರುಳೆಂಬ ಪದ: ಅನುವಾದ ಮತ್ತು ಅರಿವಿನ ವಿಜ್ಞಾನ

ನಾಯಿನೂರಿನ ವಿಧವೆಯನ್ನು ಕಂಡ ಪ್ರಭುವಿಗೆ, ಗಾಯಾಳುವನ್ನು ಕಂಡ ಸಮಾರಿಯದವನಿಗೆ, ಮರಳಿದ ಮಗನನ್ನು ಕಂಡ ತಂದೆಗೆ ಸಂತ ಲೂಕರು ಒಂದೇ ಗ್ರೀಕ್ ಕ್ರಿಯಾಪದವನ್ನು ಬಳಸುತ್ತಾರೆ (7:13, 10:33, 15:20). ಅದರ ಮೂಲ ‘ಸ್ಪ್ಲಾಂಖ್ನ’, ಅಂದರೆ ಒಡಲಿನ ಒಳಾಂಗಗಳು. ಕನ್ನಡದಲ್ಲಿ ರೂಢಿಯಾದ ‘ಕನಿಕರ’ವು ಭಾವವನ್ನು ತಿಳಿಸುತ್ತದೆ, ಒಡಲನ್ನು ಬಿಡುತ್ತದೆ.

ಅನುವಾದಕನು ಪದರೂಪಕ್ಕಿಂತ ಕೇಳುಗರ ಗ್ರಹಿಕೆಯನ್ನು ಗಮನಿಸಬೇಕೆಂದು ಯೂಜೀನ್ ನೈಡಾ 1964ರಲ್ಲಿ ವಾದಿಸಿದರು. ರೂಪಕವು ಬರಿಯ ಅಲಂಕಾರವಲ್ಲ, ದೇಹಾನುಭವದಲ್ಲಿ ಬೇರೂರಿದ ಆಲೋಚನಾಕ್ರಮವೆಂದು ಲೇಕಾಫ್ ಮತ್ತು ಜಾನ್ಸನ್ 1980ರಲ್ಲಿ ಪ್ರತಿಪಾದಿಸಿದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ವಿಶ್ವಾಸಿಗಳಿಗೆ ಇದು ದಿನನಿತ್ಯದ ನುಡಿ: ಮಗನ ಸಂಕಟ ಕಂಡ ತಾಯಿ ‘ಕರುಳು ಚುರ್ರ್ ಅಂತು’ ಎನ್ನುತ್ತಾಳೆ.

ದುಂದುಗಾರ ಮಗನ ತಂದೆಗೆ ಈ ಮಾತು ಸಹಜವಾಗಿ ಒಪ್ಪುತ್ತದೆ. ಸಮಾರಿಯದವನಿಗೆ? ಕರುಳಬಳ್ಳಿ, ಕರುಳಕುಡಿ ಎಂಬಲ್ಲೆಲ್ಲ ನಮ್ಮ ಕರುಳು ರಕ್ತಸಂಬಂಧವನ್ನೇ ಸೂಚಿಸುತ್ತದೆ. ದಾರಿಯಲ್ಲಿ ಬಿದ್ದವನಾದರೋ ಅವನಿಗೆ ಪರಕೀಯ. ಆದಾಗ್ಯೂ ಪ್ರಬೋಧನೆಯಲ್ಲಿ ಇದೇ ಪದವನ್ನು ಬಳಸಬೇಕೆಂಬುದು ನಮ್ಮ ಅಭಿಪ್ರಾಯ. ಪರಕೀಯನಿಗಾಗಿ ಕರುಳು ಮಿಡಿಯಿತೆಂದಾಗ ಕೇಳುಗರು ಒಂದು ಕ್ಷಣ ತಡೆದು ನಿಲ್ಲುವರು. ನೆರೆಯವನಾರೆಂಬ ಪ್ರಶ್ನೆ ಅವರನ್ನು ಮುಟ್ಟುವುದು ಆ ಕ್ಷಣದಲ್ಲಿಯೇ.