ತುಂಗಾ ಕಣಿವೆಯಲ್ಲಿ ಒಂದು ಮನೆಯನ್ನ ಓದೋದು ಹೇಗೆ?

ಆಗುಂಬೆಗೆ ಸನ್‌ಸೆಟ್ ನೋಡೋಕೆ ಅಂತ ಪ್ರತಿ ಸೆಮಿಸ್ಟರ್ ಒಂದು ಗ್ಯಾಂಗ್ ಹೊರಡತ್ತೆ. ದಾರಿಯಲ್ಲಿ ತೀರ್ಥಹಳ್ಳಿ ಸಿಗತ್ತೆ. ಅಲ್ಲಿಂದ ಕೊಪ್ಪದ ಕಡೆ ತಿರುಗಿದರೆ ಅರ್ಧ ಗಂಟೆಯೊಳಗೆ ಕುಪ್ಪಳಿ, ಅಂದ್ರೆ ಕುವೆಂಪು ಬೆಳೆದ ಮನೆ ಇರೋ ಊರು. ಹೋದವರು ಸಾಮಾನ್ಯವಾಗಿ ಇಪ್ಪತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿ, ಅಂಗಳದಲ್ಲಿ ಗ್ರೂಪ್ ಫೋಟೋ ತೆಗೆದು ಹೊರಟುಬಿಡ್ತಾರೆ. ಆ ಇಪ್ಪತ್ತು ನಿಮಿಷ ಎರಡು ಗಂಟೆ ಆಗಬೇಕು ಅನ್ನೋದು ನನ್ನ ವಾದ.

ಮೊದಲು ಮಳೆಯಿಂದ ಶುರು ಮಾಡೋಣ, ನಾವು ಇಂಜಿನಿಯರಿಂಗ್‌ನವರಲ್ವಾ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳತ್ತೆ. ಬೆಂಗಳೂರಲ್ಲಿ ಹೆಚ್ಚುಕಮ್ಮಿ 1000. ಆಗುಂಬೆಯಲ್ಲಿ 100 ಚದರ ಮೀಟರ್ ಮಾಡು ಇರೋ ಮನೆ ಅಂತ ಇಟ್ಕೊಳ್ಳಿ. ಏಳು ಮೀಟರ್ ಇಂಟು ನೂರು, ಅಂದ್ರೆ 700 ಘನ ಮೀಟರ್, ಏಳು ಲಕ್ಷ ಲೀಟರ್ ನೀರು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯತ್ತೆ. ಕುಪ್ಪಳಿಯಲ್ಲಿ ಅಷ್ಟು ಇಲ್ಲದೇ ಇರಬಹುದು, ಆದರೆ ಸಮಸ್ಯೆ ಅದೇ. ಈಗ ಕವಿಮನೆಯ ಮಾಡನ್ನ ನೋಡಿ. ಹಂಚು ಯಾಕೆ ಅಷ್ಟು ಇಳಿಜಾರು, ಸೂರು ಯಾಕೆ ಗೋಡೆಯಿಂದ ಅಷ್ಟು ಮುಂದೆ ಬಂದಿದೆ ಅನ್ನೋದಕ್ಕೆ ಗೈಡ್ ಬೇಕಾಗಲ್ಲ. ಮಣ್ಣಿನ ಗೋಡೆಗೆ ನೀರು ತಾಗಬಾರದು, ಮರಕ್ಕೆ ನೆಲದ ತೇವ ಏರಬಾರದು. ಮಲೆನಾಡಿನ ಹಳೇ ಮನೆಗಳಲ್ಲಿ ಮರದ ಕಂಬದ ಬುಡಕ್ಕೆ ಕಲ್ಲು ಕೊಡೋದು ಇದಕ್ಕೇ. ಗೆದ್ದಲಿಗೂ ಅದೇ ಉತ್ತರ.

ಕವಿಮನೆ ಮೂರಂತಸ್ತಿನ ತೊಟ್ಟಿ ಮನೆ. ತೊಟ್ಟಿ ಅಂದ್ರೆ ಮನೆಯ ನಡುವೆ ಆಕಾಶಕ್ಕೆ ತೆರೆದಿರೋ ಚೌಕ, ಸುತ್ತ ಜಗಲಿ, ಜಗಲಿಯಿಂದ ಆಚೆ ಕೋಣೆಗಳು. ಇಷ್ಟು ಮಳೆ ಬೀಳೋ ಕಡೆ ಮನೆ ಮಧ್ಯದಲ್ಲೇ ಯಾಕೆ ತೂತು ಬಿಟ್ಟರು? ಬೆಳಕು ಮತ್ತು ಗಾಳಿಗೆ. ಹೊರಗೋಡೆಗಳಿಗೆ ದೊಡ್ಡ ಕಿಟಕಿ ಇಟ್ಟರೆ ಎರಚಲು ಒಳಗೆ ಬರತ್ತೆ. ತೊಟ್ಟಿಯಲ್ಲಾದರೆ ಬಿಸಿಗಾಳಿ, ಒಲೆ ಹೊಗೆ ಮೇಲೆ ಹೋಗತ್ತೆ, ಕೆಳಗಿನಿಂದ ತಂಪು ಗಾಳಿ ಬರತ್ತೆ. ನಮ್ಮ ಪುಸ್ತಕದಲ್ಲಿ ಇದಕ್ಕೆ ಸ್ಟ್ಯಾಕ್ ಎಫೆಕ್ಟ್ ಅಂತಾರೆ. ತೊಟ್ಟಿಗೆ ಬಿದ್ದ ನೀರು ಹೊರಗೆ ಹೋಗೋ ದಾರಿ ಎಲ್ಲಿ ಅಂತ ಹುಡುಕಿ. ನನಗೆ ಕೆತ್ತನೆ ಕಂಬಗಳಿಗಿಂತ ಅದೇ ಇಂಟರೆಸ್ಟಿಂಗ್.

ಇನ್ನು ಪದಗಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರು ‘ಕಾನೂರು ಹೆಗ್ಗಡತಿ’ (1936) ಅಥವಾ ‘ಮಲೆಗಳಲ್ಲಿ ಮದುಮಗಳು’ (1967) ಕೈಗೆತ್ತಿಕೊಂಡರೆ ಹತ್ತು ಪುಟಕ್ಕೆ ಸುಸ್ತಾಗ್ತೀವಿ. ಕಷ್ಟ ಕಥೆಯದ್ದಲ್ಲ. ಉಪ್ಪರಿಗೆ, ಕಣಜ, ಹೆಬ್ಬಾಗಿಲು, ಕಡೆಗೋಲು, ಬಚ್ಚಲು ಹಂಡೆ, ಗೊರಬು, ಇವನ್ನೆಲ್ಲ ನಾವು ಕಣ್ಣಲ್ಲಿ ನೋಡೇ ಇರಲ್ಲ. ನಿಘಂಟು ತೆಗೆದರೆ ಒಂದು ಪದಕ್ಕೆ ಇನ್ನೊಂದು ಪದ ಸಿಗತ್ತೆ, ವಸ್ತು ಸಿಗಲ್ಲ. ಮನೆಯೊಳಗೆ ನಿಂತರೆ ಜಗಲಿ ಎಲ್ಲಿ ಮುಗಿದು ಒಳಮನೆ ಎಲ್ಲಿ ಶುರು ಅಂತ ಕಾಲಿಗೇ ಗೊತ್ತಾಗತ್ತೆ. ಆಮೇಲೆ ಕಾದಂಬರಿಯಲ್ಲಿ ಯಾರನ್ನ ಜಗಲಿಯಲ್ಲೇ ಕೂರಿಸಿದರು, ಯಾರು ಅಂಗಳದಲ್ಲೇ ನಿಂತು ಮಾತಾಡಿದರು ಅನ್ನೋದು ಬರೀ ಜಾಗದ ವಿಷಯ ಅಲ್ಲ, ಜಾತಿಯ ವಿಷಯ ಅಂತಲೂ ಅರ್ಥವಾಗತ್ತೆ. ಮನೆಯ ಪ್ಲಾನ್ ಅಷ್ಟು ಮುಗ್ಧ ಅಲ್ಲ.

ಮ್ಯೂಸಿಯಂ ವಸ್ತುವನ್ನ ಉಳಿಸಬಹುದು, ಆದರೆ ಪದ ಉಳಿಯೋಕೆ ಬಳಕೆ ಬೇಕು. ನಿಮ್ಮ ಹಾಸ್ಟೆಲ್‌ನಲ್ಲಿ ಮಲೆನಾಡಿನವರು ಇದ್ದರೆ ಕೇಳಿ: ಅಜ್ಜನ ಮನೆ ತೊಟ್ಟಿ ಇನ್ನೂ ಇದೆಯಾ, ಇಲ್ಲಾ ಮೇಲೆ ಶೀಟ್ ಬಿತ್ತಾ? ಶೀಟ್ ಹಾಕಿದವರನ್ನ ಬೈಯೋಕಾಗಲ್ಲ. ಹಂಚು ಕೈಯಾಡಿಸೋಕೆ ಜನ ಸಿಗಲ್ಲ, ಮರ ದುಬಾರಿ, ಮನೆಯಲ್ಲಿ ಇರೋದು ಇಬ್ಬರು ವಯಸ್ಸಾದವರು. ಆದರೆ ತೊಟ್ಟಿ ಹೋದ ಮನೆಯ ಮಕ್ಕಳಿಗೆ ಆ ಪದ ನನಗೆ ಎಷ್ಟು ದೂರವೋ ಅಷ್ಟೇ ದೂರ.

ಕುವೆಂಪು ಕೂಡ ಮೊದಲು ಬರೆದಿದ್ದು ಇಂಗ್ಲಿಷ್‌ನಲ್ಲಿ. ಮೈಸೂರಿನಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತಮ್ಮ ಇಂಗ್ಲಿಷ್ ಕವಿತೆ ತೋರಿಸಿದಾಗ, ನಿಮ್ಮ ಭಾಷೆಯಲ್ಲೇ ಬರೀರಿ ಅಂತ ಅವರು ಹೇಳಿದ್ದು ಕನ್ನಡ ಸಾಹಿತ್ಯದ ಫೇಮಸ್ ಕಥೆ. ಮನೆಯಿಂದ ಸ್ವಲ್ಪ ಮೇಲೆ ಹತ್ತಿದರೆ ಕವಿಶೈಲ. 1994ರಲ್ಲಿ ಅವರ ಅಂತ್ಯಸಂಸ್ಕಾರ ಆಗಿದ್ದು ಇಲ್ಲೇ. ಸುತ್ತ ನಿಲ್ಲಿಸಿರೋ ದೊಡ್ಡ ಕಲ್ಲುಗಳ ಫೋಟೋ ಎಲ್ಲರೂ ತೆಗೀತಾರೆ. ನೀವು ಬಂಡೆ ಮೇಲೆ ಕೆತ್ತಿರೋ ಸಹಿಗಳನ್ನ ಹುಡುಕಿ: ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ. ಇಂಗ್ಲಿಷ್ ಕವಿತೆಗಳನ್ನ ಕನ್ನಡಕ್ಕೆ ತಂದ ಬಿ.ಎಂ.ಶ್ರೀ. ಹೆಸರು ಅಲ್ಲಿರೋದು ನನಗೆ ಖುಷಿ ಕೊಟ್ಟಿತು.

ಇನ್ನೊಂದು ದಿನ ಇದ್ದರೆ ಕವಲೇದುರ್ಗಕ್ಕೂ ಹೋಗಿ. ಕೆಳದಿ ನಾಯಕರ ಕೋಟೆ. ಅರಮನೆಯಲ್ಲಿ ಈಗ ಉಳಿದಿರೋದು ಬಹುತೇಕ ಕಲ್ಲಿನ ತಳ ಮಾತ್ರ. ಕವಿಮನೆ ನೋಡಿದ ಮೇಲೆ ಹೋದರೆ ಆ ತಳದ ಮೇಲೆ ಕಂಬ, ಜಗಲಿ, ಮಾಡು ನಿಮ್ಮ ತಲೆಯಲ್ಲೇ ಎದ್ದು ನಿಲ್ಲತ್ತೆ. ಉಲ್ಟಾ ಹೋದರೆ ಬರೀ ಕಲ್ಲು. ಶೃಂಗೇರಿ ಹೊಳೆಯ ಮೇಲ್ಭಾಗಕ್ಕಿದೆ. ಅಲ್ಲಿನ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿ ಕಂಬಗಳ ಬಗ್ಗೆ ಬೇರೆ ಲೇಖನವೇ ಬೇಕು.

ಮಳೆಗಾಲದಲ್ಲೇ ಹೋಗಿ, ಮಾಡು ಕೆಲಸ ಮಾಡೋದು ಕಾಣೋದು ಆಗಲೇ. ಇಂಬಳಕ್ಕೆ ಜೇಬಲ್ಲಿ ಸ್ವಲ್ಪ ಉಪ್ಪು ಇರಲಿ.