ಮುಖವಾಡ ಬೇಡದ ವೀರರು: ವಯನಾಡಿನ ಸಮರ ಮತ್ತು ‘ಪಳಶ್ಶಿರಾಜ’

ಪರಕೀಯ ಸೈನ್ಯ ಆಕ್ರಮಿಸಿದ ನಾಡಿನಲ್ಲಿ ಗುರುತು ಮರೆಸಿಕೊಂಡ ಒಬ್ಬ ವೀರ ಸಮರಕಲೆಯ ಬಲದಿಂದಲೇ ಶತ್ರುವನ್ನು ಎದುರಿಸುವ ಕಥೆ ಏಷ್ಯಾದ ಸಾಹಸಚಿತ್ರಗಳಿಗೆ ಬಹಳ ಪ್ರಿಯವಾದದ್ದು. ಜಪಾನೀಯರ ಕಣ್ಣು ಬಿದ್ದಿದ್ದ ಶಾಂಘೈಯಲ್ಲಿ ಡಾನಿ ಯೆನ್ ಮುಖವಾಡ ತೊಟ್ಟು ಹೋರಾಡುವ 2010ರ ‘ಲೆಜೆಂಡ್ ಆಫ್ ದ ಫಿಸ್ಟ್’ ಇದಕ್ಕೆ ನಿದರ್ಶನ. ಅದಕ್ಕೂ ಹಿಂದಿನ ವರ್ಷ, 2009ರ ಅಕ್ಟೋಬರ್‌ನಲ್ಲಿ ತೆರೆಕಂಡ ಮಲಯಾಳಂ ಚಿತ್ರ ‘ಕೇರಳವರ್ಮ ಪಳಶ್ಶಿರಾಜ’ ಇಂಥದೇ ಪ್ರತಿರೋಧವನ್ನು ವಯನಾಡಿನ ಚರಿತ್ರೆಯಿಂದ ಎತ್ತಿಕೊಂಡಿತು. ಎಂ.ಟಿ. ವಾಸುದೇವನ್ ನಾಯರ್ ಚಿತ್ರಕಥೆ ಬರೆದು ಹರಿಹರನ್ ನಿರ್ದೇಶಿಸಿದ ಈ ಚಿತ್ರದಲ್ಲಿ ರಾಜನಾಗಿ ಮಮ್ಮುಟ್ಟಿ ನಟಿಸಿದ್ದಾರೆ.

ಉತ್ತರ ಮಲಬಾರಿನ ಕೋಟ್ಟಯಂ ಅರಸುಮನೆತನಕ್ಕೆ ಸೇರಿದ ಕೇರಳವರ್ಮನು ಮೊದಲು ಮೈಸೂರಿನ ಸೈನ್ಯದೊಡನೆ ಕಾದಾಡಿ, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಮಲಬಾರು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಕಂದಾಯ ವಸೂಲಿಯ ಕಾರಣಕ್ಕೆ ಕಂಪನಿಯ ವೈರಿಯಾದನು. 1797ರಲ್ಲಿ ಪೆರಿಯ ಘಾಟಿಯಲ್ಲಿ ಅವನ ಪಡೆಯ ಹೊಂಚುದಾಳಿಗೆ ಮೇಜರ್ ಕ್ಯಾಮರನ್ ಬಲಿಯಾದನು. ಟಿಪ್ಪುವಿನ ಪತನದ ನಂತರ ಮಲಬಾರಿನ ಸೇನಾ ಹೊಣೆ ಹೊತ್ತ ಆರ್ಥರ್ ವೆಲ್ಲೆಸ್ಲಿಗೂ, ಅಂದರೆ ಮುಂದೆ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾನಿಗೂ, ಈ ಕಾಡಿನ ಯುದ್ಧ ಸುಲಭದ್ದಾಗಿರಲಿಲ್ಲ.

ಚಿತ್ರದ ಕಾದಾಟಗಳಿಗೆ ಆಧಾರ ಕೇರಳದ ಸಮರಕಲೆ ಕಳರಿಪಯಟ್ಟು. ನೆಲಮಟ್ಟಕ್ಕಿಂತ ತಗ್ಗಾಗಿ ತೋಡಿದ ಅಭ್ಯಾಸದ ಅಂಗಳವೇ ಕಳರಿ. ಅಲ್ಲಿ ಶಿಷ್ಯನು ಮೈ ಪಳಗಿಸುವ ‘ಮೈತ್ತಾರಿ’ಯಿಂದ ಆರಂಭಿಸಿ, ಕೋಲುಗಳ ‘ಕೋಲ್ತ್ತಾರಿ’ಯನ್ನು ದಾಟಿ, ಕತ್ತಿ ಗುರಾಣಿಗಳ ‘ಅಂಕತ್ತಾರಿ’ಗೆ ಬರುತ್ತಾನೆ. ದಂಗೆಯ ತರುವಾಯ ಕಂಪನಿ ಮಲಬಾರಿನ ಜನರಿಂದ ಆಯುಧಗಳನ್ನು ಕಿತ್ತುಕೊಂಡದ್ದರಿಂದ ಈ ವಿದ್ಯೆ ಬಹುಮಟ್ಟಿಗೆ ಸೊರಗಿ, 20ನೆಯ ಶತಮಾನದಲ್ಲಿ ತಲಶ್ಶೇರಿಯ ಗುರುಕ್ಕಳರ, ಅಂದರೆ ಕಳರಿ ಗುರುಗಳ ಪ್ರಯತ್ನದಿಂದ ಚೇತರಿಸಿಕೊಂಡಿತು.

ಆದರೆ ವಯನಾಡಿನ ಸಮರವನ್ನು ನಿಜವಾಗಿ ನಡೆಸಿದ್ದು ಕತ್ತಿಯಷ್ಟೇ ಅಲ್ಲ, ಕುರಿಚ್ಯರ ಬಿಲ್ಲು ಕೂಡ. ಬೇಟೆ ಮತ್ತು ಬೇಸಾಯ ಎರಡನ್ನೂ ಬಲ್ಲ ಈ ಬುಡಕಟ್ಟಿನ ತಲಕ್ಕಲ್ ಚಂದು, ನಾಯರ್ ಮುಖಂಡ ಎಡಚ್ಚೇನ ಕುಂಗನ್‌ನೊಡನೆ ಸೇರಿ, 1802ರ ಅಕ್ಟೋಬರ್‌ನಲ್ಲಿ ಪನಮರಂ ಠಾಣೆಯ ಮೇಲೆ ಎರಗಿ, ಕ್ಯಾಪ್ಟನ್ ಡಿಕಿನ್‌ಸನ್ ಮತ್ತು ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಸಹಿತ ಅಲ್ಲಿನ ಪಡೆಯನ್ನು ನಾಶಮಾಡಿದನು. ಮನೋಜ್ ಕೆ. ಜಯನ್ ಅವರ ಚಂದುವಿಗೂ ಪದ್ಮಪ್ರಿಯಾ ಅವರ ಕುರಿಚ್ಯ ಹೋರಾಟಗಾರ್ತಿ ನೀಲಿಗೂ ಚಿತ್ರ ಕೊಟ್ಟಿರುವ ಸ್ಥಾನವೇ ಅದರ ದೊಡ್ಡ ಗುಣ. ಉಳುವವನೇ ಬಿಲ್ಲುಗಾರನೂ ಆಗಿದ್ದ ಈ ಬೆಟ್ಟಗಳಲ್ಲಿ ಗುರುತು ಮರೆಸಲು ಮುಖವಾಡದ ಅಗತ್ಯವೇ ಇರಲಿಲ್ಲ.

1805ರ ನವೆಂಬರ್‌ನಲ್ಲಿ ಸೆರೆಸಿಕ್ಕ ಚಂದುವನ್ನು ಪನಮರಂನಲ್ಲಿ ಕೊಲ್ಲಲಾಯಿತು; ಅದೇ ತಿಂಗಳ 30ರಂದು ಸಬ್ ಕಲೆಕ್ಟರ್ ಟಿ.ಎಚ್. ಬೇಬರನ ಪಡೆ ಪುಲ್ಪಳ್ಳಿಯ ಬಳಿ ಸುತ್ತುವರಿದಾಗ ರಾಜನೂ ಮಡಿದನು. ಚಿತ್ರ ಅಲ್ಲಿಗೆ ಮುಗಿದರೂ ಚರಿತ್ರೆ ಮುಗಿಯಲಿಲ್ಲ. ಕಂದಾಯವನ್ನು ಧಾನ್ಯದ ಬದಲು ಹಣದಲ್ಲೇ ಕೊಡಬೇಕೆಂಬ ಒತ್ತಾಯದಿಂದ ರೊಚ್ಚಿಗೆದ್ದ ಕುರಿಚ್ಯರು ಮತ್ತು ಕುರುಂಬ ಬುಡಕಟ್ಟಿನವರು 1812ರಲ್ಲಿ, ರಾಜನಿಲ್ಲದೆಯೇ, ಮತ್ತೊಮ್ಮೆ ಕಂಪನಿಯ ವಿರುದ್ಧ ಬಿಲ್ಲೆತ್ತಿದರು.