ಗಂಟೇ ಇಲ್ಲದ ಕುತ್ತಿಗೆಗೆ ಶಸ್ತ್ರಚಿಕಿತ್ಸೆ ಯಾಕೆ?

ಮುಂಬಯಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮೂರಿನವರ ಬಾಗಿಲಿಗೆ ಎರಡು ಬಗೆಯ ನೆಂಟರು ಬರುತ್ತಾರೆ. ಮದುವೆ, ಗೃಹಪ್ರವೇಶ ಎಂದು ಬರುವವರು ಒಂದು ಬಗೆ. ಪರೇಲಿನ ಟಾಟಾ ಆಸ್ಪತ್ರೆಗೆಂದು ಬರುವವರು ಇನ್ನೊಂದು ಬಗೆ. ಈ ಎರಡನೆಯವರು ಬರುವ ಸುದ್ದಿ ತಿಂಗಳ ಮೊದಲೇ ತಿಳಿಯುವುದಿಲ್ಲ. ರಾತ್ರಿ ಫೋನು ಬರುತ್ತದೆ, ಮರುದಿನ ಮತ್ಸ್ಯಗಂಧ ಹತ್ತುತ್ತಾರೆ, ಅದರ ಮರುದಿನ ಬೆಳಿಗ್ಗೆ ಥಾಣೆಯಲ್ಲಿ ಇಳಿಯುತ್ತಾರೆ. 2017ರ ಮಳೆಗಾಲದಲ್ಲಿ ಹಾಗೆ ಇಳಿದವರು ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ. ಕುಂದಾಪುರದ ಹತ್ತಿರ ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡವರು. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ರಿಪೋರ್ಟುಗಳು. ಜೊತೆಗೆ ಅಕ್ಕ.

ನಾಲಗೆಯ ಎಡ ಅಂಚಿನಲ್ಲಿ ಒಂದು ಹುಣ್ಣು. ಹಲ್ಲು ತಾಗಿ ಆದದ್ದು ಎಂದು ಊರಿನಲ್ಲಿ ಐದು ತಿಂಗಳು ಮುಲಾಮು ಹಚ್ಚಿದ್ದರು, ವಿಟಮಿನ್ ಗುಳಿಗೆ ನುಂಗಿದ್ದರು. ಮೂವತ್ತು ವರ್ಷಗಳಿಂದ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ. ಹೊಗೆಸೊಪ್ಪು ಕೆಟ್ಟದ್ದೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ ಎಂದು ಊರಿನಲ್ಲಿ ಹೇಳಿದರೆ ನಮ್ಮವರು ಜಗಳಕ್ಕೇ ಬರುತ್ತಾರೆ. ಅಡಿಕೆ ತೋಟದ ನೆರಳಿನಲ್ಲಿ ಬೆಳೆದವರಿಗೆ ಅದು ಸುಲಭವಾಗಿ ಗಂಟಲಲ್ಲಿ ಇಳಿಯುವ ಮಾತಲ್ಲ. ಇರಲಿ.

ಟಾಟಾ ಆಸ್ಪತ್ರೆಯ ಬಗ್ಗೆ ಮುಂಬಯಿಗರಿಗೆ ಹೆಚ್ಚು ಹೇಳಬೇಕಾಗಿಲ್ಲ. 1941ರ ಫೆಬ್ರವರಿ 28ರಂದು ಸರ್ ದೊರಾಬ್ಜಿ ಟಾಟಾ ಟ್ರಸ್ಟ್ ಆರಂಭಿಸಿದ ಈ ಆಸ್ಪತ್ರೆ 1962ರಿಂದ ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಯ ಅಧೀನದಲ್ಲಿದೆ. ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಪರೇಲಿನಲ್ಲಿ ಇಳಿದು ನಡೆದರೆ ಸಾಕು. ಎದುರಿನ ಫುಟ್‌ಪಾತ್‌ನಲ್ಲಿ ಚಾಪೆ ಹಾಸಿಕೊಂಡು ಕುಳಿತ ಬಿಹಾರ, ಬಂಗಾಳದ ಕುಟುಂಬಗಳನ್ನು ನೋಡಿದಾಗ ನಮ್ಮ ಒಂದು ರೂಮು-ಕಿಚನ್ ಮನೆ ಅರಮನೆ ಎನಿಸಿತು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರರು ಹೇಳಿದ್ದು ಇಷ್ಟು: ಹುಣ್ಣು ಇನ್ನೂ ಸಣ್ಣದು, ನಾಲಗೆಯ ಒಂದು ಭಾಗ ತೆಗೆಯಬೇಕು. ಅದೇ ಆಪರೇಷನ್‌ನಲ್ಲಿ ಕುತ್ತಿಗೆಯ ಎಡಬದಿಯ ಗ್ರಂಥಿಗಳನ್ನೂ ತೆಗೆಯುತ್ತೇವೆ. ಕುತ್ತಿಗೆಯಲ್ಲಿ ಈಗ ಗಂಟೇನೂ ಕೈಗೆ ಸಿಗುತ್ತಿಲ್ಲ, ಆದರೂ ತೆಗೆಯುತ್ತೇವೆ.

ಹೊರಗೆ ಬಂದದ್ದೇ ತಡ, ಭಾವ ತಕರಾರು ತೆಗೆದರು. "ಹುಣ್ಣು ಇರುವುದು ನಾಲಗೆಯಲ್ಲಿ. ಕುತ್ತಿಗೆಯಲ್ಲಿ ಗಂಟೇ ಇಲ್ಲ ಅಂತ ಅವರೇ ಹೇಳ್ತಾರೆ. ಮತ್ತೆ ಕುತ್ತಿಗೆ ಕೊಯ್ಯುವುದು ಯಾಕೆ ಮಾರಾಯ? ಗಂಟು ಬಂದರೆ ಆಗ ನೋಡುವ. ನಾನು ಊರಿಗೆ ಹೋಗ್ತೇನೆ."

ಅಂಗಡಿ ನಡೆಸಿದ ಮನುಷ್ಯ. ಬೇಡದ ಸಾಮಾನಿಗೆ ದುಡ್ಡು ಕೊಡುವವರಲ್ಲ. ನನಗೂ ಅವರ ಮಾತು ಸರಿ ಎನಿಸಿತು. ಮರುದಿನ ನಾನೊಬ್ಬನೇ ಹೋಗಿ, ಅಲ್ಲಿನ ಒಬ್ಬ ಕಿರಿಯ ಡಾಕ್ಟರರನ್ನು ಹಿಡಿದು ಅದೇ ಪ್ರಶ್ನೆ ಕೇಳಿದೆ. ಅವರು ನಕ್ಕರು. "ಈ ಪ್ರಶ್ನೆಯನ್ನು ಸರ್ಜನ್‌ಗಳೂ ಹಲವು ದಶಕ ಕೇಳಿಕೊಂಡಿದ್ದಾರೆ. ಉತ್ತರ ಸಿಕ್ಕಿದ್ದು ಇಲ್ಲಿಯೇ" ಎಂದರು. ಆ ಉತ್ತರದ ಕಥೆಯನ್ನು ಆಮೇಲೆ ನಾನು ಹುಡುಕಿ ಓದಿದೆ. ಡಾಕ್ಟರ್ ಅಲ್ಲದ ನನ್ನಂಥವನಿಗೆ ಅರ್ಥವಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಬಾಯಿಯ ಕ್ಯಾನ್ಸರ್ ಮೊದಲು ಹರಡುವುದು ಸಾಮಾನ್ಯವಾಗಿ ಕುತ್ತಿಗೆಯ ಗ್ರಂಥಿಗಳಿಗೆ. ಗಂಟು ಕಾಣಿಸಿದರೆ ತೆಗೆಯಬೇಕೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಕಾಣಿಸದಿದ್ದಾಗ ಏನು ಮಾಡುವುದು ಎಂಬುದೇ ವಿವಾದ. ಒಂದು ಪಕ್ಷದವರು, ಕಣ್ಣಿಗೆ ಕಾಣದ ಬೀಜ ಒಳಗಿರಬಹುದು, ಈಗಲೇ ತೆಗೆಯಿರಿ ಎನ್ನುತ್ತಿದ್ದರು. ಇನ್ನೊಂದು ಪಕ್ಷದವರು, ಹೆಚ್ಚಿನವರಲ್ಲಿ ಅಲ್ಲಿ ಏನೂ ಇರುವುದಿಲ್ಲ, ಸುಮ್ಮನೆ ಉದ್ದದ ಗಾಯ, ಹೆಗಲಿನ ನೋವು ಯಾಕೆ, ಕಾದು ನೋಡೋಣ ಎನ್ನುತ್ತಿದ್ದರು. ಅಂದರೆ ಭಾವ ಹೇಳಿದ "ಆಗ ನೋಡುವ" ಎಂಬುದು ಹಳ್ಳಿಯವರ ಮೊಂಡುತನವಾಗಿರಲಿಲ್ಲ. ದೊಡ್ಡ ದೊಡ್ಡ ಸರ್ಜನ್‌ಗಳ ಅಭಿಪ್ರಾಯವೂ ಅದೇ ಆಗಿತ್ತು. 1989ರಲ್ಲಿ ಇದೇ ಟಾಟಾದ ವೈದ್ಯರು 70 ರೋಗಿಗಳಲ್ಲಿ ಎರಡೂ ಕ್ರಮಗಳನ್ನು ಹೋಲಿಸಿ ನೋಡಿದ್ದರು. ಬೇರೆ ದೇಶಗಳಲ್ಲೂ ಇಂಥ ಸಣ್ಣ ಅಧ್ಯಯನಗಳಾಗಿದ್ದವು. ವಿವಾದ ಮಾತ್ರ ಮುಗಿಯಲಿಲ್ಲ. ಎಪ್ಪತ್ತು ಜನರ ಲೆಕ್ಕದಲ್ಲಿ ನಾಲ್ಕು ಜನ ಆಚೀಚೆಯಾದರೂ ಉತ್ತರವೇ ಬದಲಾಗುತ್ತದೆ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ತೂಕಡಿಸುತ್ತಾ ಕೇಳಿದ ಸಂಖ್ಯಾಶಾಸ್ತ್ರದಲ್ಲಿ ನನಗೆ ನೆನಪುಳಿದ ಪಾಠ ಇದೊಂದೇ.

2004ರಲ್ಲಿ ಡಾ. ಅನಿಲ್ ಡಿ'ಕ್ರೂಜ್ ಮತ್ತು ಅವರ ಸಂಗಡಿಗರು ಇದೇ ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡರು. ಬಾಯಿಯಲ್ಲಿ ಸಣ್ಣ ಗಡ್ಡೆ, ಕುತ್ತಿಗೆಯಲ್ಲಿ ಗಂಟಿಲ್ಲ, ಅಂಥ ರೋಗಿಗಳಲ್ಲಿ ಒಪ್ಪಿದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಾಯಿಯ ಆಪರೇಷನ್ ಜೊತೆಗೇ ಕುತ್ತಿಗೆಯ ಆಪರೇಷನ್. ಇನ್ನೊಂದಕ್ಕೆ ಬಾಯಿಯದು ಮಾತ್ರ. ಮುಂದೆ ಗಂಟು ಬಂದರೆ ಆಗ ಕುತ್ತಿಗೆಯದು. ಯಾರು ಯಾವ ಗುಂಪು ಎಂಬುದು ಡಾಕ್ಟರರ ಕೈಯಲ್ಲೂ ಇಲ್ಲ, ರೋಗಿಯ ಕೈಯಲ್ಲೂ ಇಲ್ಲ. ನಮ್ಮ ಸಂಘಗಳಲ್ಲಿ ಚೀಟಿ ಎತ್ತುವ ಹಾಗೆ. ಇದು ಕ್ರೂರವೆನಿಸಬಹುದು. ಆದರೆ ಡಾಕ್ಟರರೇ ಆರಿಸಿದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಕಡೆ ಸೇರಿಬಿಡಬಹುದು. ಆಗ ಗೆದ್ದದ್ದು ಚಿಕಿತ್ಸೆಯೋ, ರೋಗಿಯ ದೇಹಬಲವೋ ಎಂದು ಹೇಳುವವರು ಯಾರು?

ಹತ್ತು ವರ್ಷಗಳಲ್ಲಿ 596 ರೋಗಿಗಳು ಸೇರಿದರು. ಹೆಚ್ಚಿನವರದು ನಾಲಗೆಯ ಕ್ಯಾನ್ಸರೇ. ಫಲಿತಾಂಶ 2015ರ ಮೇ ಕೊನೆಯಲ್ಲಿ ಅಮೆರಿಕದ ಶಿಕಾಗೋದಲ್ಲಿ ನಡೆದ ಕ್ಯಾನ್ಸರ್ ತಜ್ಞರ ಮಹಾಸಮ್ಮೇಳನದ ಮುಖ್ಯ ವೇದಿಕೆಯಲ್ಲಿ ಮಂಡನೆಯಾಯಿತು. 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಅದನ್ನು ಪ್ರಕಟಿಸಿತು. ಮೊದಲ 500 ಜನರ ಲೆಕ್ಕ ಹೀಗಿತ್ತು: ಕುತ್ತಿಗೆಯ ಆಪರೇಷನ್ ಮೊದಲೇ ಮಾಡಿಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ನೂರಕ್ಕೆ 80. ಕಾದು ನೋಡಿದವರಲ್ಲಿ ನೂರಕ್ಕೆ 67.5. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಎಂಟು ಜನರಿಗೆ ಮೊದಲೇ ಆಪರೇಷನ್ ಮಾಡಿದರೆ ಒಂದು ಜೀವ ಹೆಚ್ಚು ಉಳಿಯುತ್ತದೆ. ರೋಗ ಮರುಕಳಿಸಿದ್ದು ಮೊದಲ ಗುಂಪಿನಲ್ಲಿ 81 ಜನರಿಗೆ, ಎರಡನೆಯದರಲ್ಲಿ 146 ಜನರಿಗೆ. ಗಂಟಿಲ್ಲ ಎಂದುಕೊಂಡ ಕುತ್ತಿಗೆಗಳನ್ನು ತೆರೆದು ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಮೂವರಲ್ಲಿ ರೋಗ ಆಗಲೇ ಒಳಗೆ ಕುಳಿತಿತ್ತು. ಕಾದವರಲ್ಲಿ ಗಂಟು ಕಾಣಿಸುವ ಹೊತ್ತಿಗೆ ರೋಗ ಹೆಚ್ಚು ಬಲಿತಿರುತ್ತಿತ್ತು.

ಇದಕ್ಕೆ ಬೆಲೆ ಇಲ್ಲವೆಂದಲ್ಲ. ಆಪರೇಷನ್ನಿನ ತೊಂದರೆಗಳು ಮೊದಲ ಗುಂಪಿನಲ್ಲಿ ನೂರಕ್ಕೆ 6.6, ಎರಡನೆಯದರಲ್ಲಿ 3.6. ತೀರಾ ಮೇಲ್ಪದರದ, ಮೂರು ಮಿಲಿಮೀಟರಿಗಿಂತ ಕಡಿಮೆ ಆಳದ ಗಡ್ಡೆಗಳಲ್ಲಿ ಈ ಲಾಭ ಸ್ಪಷ್ಟವಾಗಿ ಕಾಣಲಿಲ್ಲ. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಯಾವ ಆಪರೇಷನ್ ಯಾವಾಗ ಎಂಬ ಒಂದು ಪ್ರಶ್ನೆ, ಹತ್ತು ವರ್ಷದ ತಾಳ್ಮೆಯ ಲೆಕ್ಕ.

ಆ ರಾತ್ರಿ ಇದನ್ನೆಲ್ಲ ಕಾಗದದಲ್ಲಿ ಬರೆದು ಭಾವನಿಗೆ ತೋರಿಸಿದೆ. ಅಂಗಡಿ ಲೆಕ್ಕ ನೋಡುವ ಹಾಗೆ ಕನ್ನಡಕ ಏರಿಸಿ ನೋಡಿದರು. ಮೊದಲ ಗುಂಪಿನಲ್ಲಿ ಸತ್ತವರು 50, ಕಾದವರಲ್ಲಿ 79 ಎಂಬ ಸಾಲಿನ ಮೇಲೆ ಬೆರಳಿಟ್ಟರು.

"ಈ ಎಪ್ಪತ್ತೊಂಬತ್ತು ಜನ?"

"ಹೂಂ ಭಾವ."

"ಅವರೂ ನಮ್ಮ ಹಾಗೆ ರೈಲು ಹತ್ತಿ ಬಂದವರೇ ಅಲ್ವಾ."

ನನಗೆ ಉತ್ತರ ಹೊಳೆಯಲಿಲ್ಲ. ಅವರಿಗೆ ಮೋಸವಾಗಲಿಲ್ಲ, ಯಾವುದು ಒಳ್ಳೆಯದೆಂದು ಆಗ ಲೋಕಕ್ಕೇ ಗೊತ್ತಿರಲಿಲ್ಲ, ಕಾಯುವುದೂ ಆಗ ಎಲ್ಲ ಕಡೆ ನಡೆಯುತ್ತಿದ್ದ ಕ್ರಮವೇ ಎಂದು ಹೇಳಬಹುದಿತ್ತು. ವ್ಯತ್ಯಾಸ ಸ್ಪಷ್ಟವಾದೊಡನೆ, ಲೆಕ್ಕದ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸಮಿತಿಯ ಸಲಹೆಯಂತೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಲಾಯಿತು ಎಂದೂ ಹೇಳಬಹುದಿತ್ತು. ಎಲ್ಲವೂ ನಿಜ. ಆದರೆ ಭಾವ ಕೇಳಿದ್ದು ಅದನ್ನಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಸೈ ಹಾಕುವ" ಎಂದು ಮಲಗಿದರು.

ಆಪರೇಷನ್ ಆಯಿತು. ಕೆಲವು ದಿನ ಮೂಗಿನ ನಳಿಕೆಯಲ್ಲಿ ಗಂಜಿ ತಿಳಿ, ಹಾಲು. ಗ್ರಂಥಿಗಳ ರಿಪೋರ್ಟು ಬಂದಾಗ ಅವುಗಳಲ್ಲಿ ಎರಡರಲ್ಲಿ ರೋಗವಿತ್ತು. ಊರಿಗೆ ಹೋಗಿದ್ದರೆ ಅವು ಅಲ್ಲಿಯೇ ಬೆಳೆಯುತ್ತಿದ್ದವು. ಮತ್ತೆ ಆರು ವಾರ ರೇಡಿಯೇಶನ್. ಅಕ್ಕ ಮತ್ತು ಭಾವ ನಮ್ಮಲ್ಲಿಯೇ ಉಳಿದರು, ನಾನೂ ಮಗನೂ ಪ್ಯಾಸೇಜಿನಲ್ಲಿ ಮಲಗಿದೆವು. ಕುತ್ತಿಗೆಯ ಆಪರೇಷನ್ ಆದವರಿಗೆ ಹೆಗಲು ಬಿಗಿಯುತ್ತದೆ, ಕೈ ಮೇಲೆತ್ತಲು ಕಷ್ಟ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲೆ ಹತ್ತಿಸಬೇಕೆಂದು ಆಸ್ಪತ್ರೆಯಲ್ಲಿ ಕಲಿಸಿಕೊಟ್ಟಿದ್ದರು. ಭಾವ ಅಡುಗೆಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕದಲ್ಲಿ, ದಿನವೂ ಬೆರಳು ಮುಟ್ಟಿದಲ್ಲಿಗೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಆಪರೇಷನ್ ಚೆನ್ನಾಗಿ ಆಯಿತು ಎಂದು ಮನೆಯವರು ಸಿಹಿ ಹಂಚಿ ಸುಮ್ಮನಾಗುತ್ತಾರೆ. ನನ್ನ ಅನುಭವದಲ್ಲಿ ಅರ್ಧ ಚಿಕಿತ್ಸೆ ಇರುವುದು ಆ ಗೆರೆಗಳಲ್ಲಿ.

ಅಲ್ಲಿಂದ ಮೇಲೆ ಟಾಟಾದ ಅಧ್ಯಯನಗಳ ಸುದ್ದಿ ಎಲ್ಲಿ ಕಂಡರೂ ಓದುವ ಚಟ ಹತ್ತಿತು. 2022ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಸಮ್ಮೇಳನದಲ್ಲಿ ಡಾ. ರಾಜೇಂದ್ರ ಬಡ್ವೆಯವರು ಮಂಡಿಸಿದ್ದು ಸ್ತನ ಕ್ಯಾನ್ಸರಿನ ವಿಷಯ. ಗಡ್ಡೆ ತೆಗೆಯುವ 7ರಿಂದ 10 ನಿಮಿಷ ಮೊದಲು ಅದರ ಸುತ್ತ ಲಿಡೊಕೇನ್ ಇಂಜೆಕ್ಷನ್ ಕೊಟ್ಟರೆ ಏನಾಗುತ್ತದೆ? ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಆ ಅಗ್ಗದ ಔಷಧವೇ. ಆಪರೇಷನ್ ಹೊತ್ತಿನಲ್ಲಿ ಕ್ಯಾನ್ಸರ್ ಕಣಗಳು ಚದುರದಂತೆ ಅದು ತಡೆಯಬಹುದೇ ಎಂಬುದು ಅವರ ಪ್ರಶ್ನೆ. ದೇಶದ 11 ಆಸ್ಪತ್ರೆಗಳಲ್ಲಿ ಸುಮಾರು 1,600 ಮಹಿಳೆಯರು ಭಾಗವಹಿಸಿದರು. ಐದು ವರ್ಷದ ನಂತರ ಬದುಕಿದ್ದವರು ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 90.1, ಪಡೆಯದವರಲ್ಲಿ 86.4. ಇದೂ ಪೂರ್ತಿ ಮುಗಿದ ಮಾತಲ್ಲ. ಎರಡನೆಯ ಗುಂಪಿಗೆ ಹೋಲಿಕೆಗಾಗಿ ಬರೀ ಉಪ್ಪುನೀರಿನ ಇಂಜೆಕ್ಷನ್ ಕೂಡ ಕೊಟ್ಟಿರಲಿಲ್ಲ ಎಂಬ ಆಕ್ಷೇಪಕ್ಕೆ ಜಾಗ ಉಂಟು. ಬೇರೆ ಕಡೆಯೂ ಇದೇ ಫಲ ಬಂದರೆ ನಂಬಿಕೆ ಗಟ್ಟಿಯಾದೀತು.

ಇತ್ತೀಚೆಗೆ ನಮ್ಮ ಕಟ್ಟಡದ ಒಬ್ಬರು ಕಾಗದ ಹಿಡಿದುಕೊಂಡು ಬಂದರು. ಒಂದು ಆಸ್ಪತ್ರೆಯಲ್ಲಿ ಅವರ ಹೆಂಡತಿಯನ್ನು ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದ್ದಾರೆ. "ನಮ್ಮನ್ನು ಪ್ರಯೋಗದ ಇಲಿ ಮಾಡ್ತಾರಾ ಮಾರಾಯ್ರೆ?" ಎಂದರು. ಈ ಭಯವನ್ನು ನಗಬಾರದು. 1999-2000ರಲ್ಲಿ ತಿರುವನಂತಪುರದಲ್ಲಿ ಬಾಯಿ ಕ್ಯಾನ್ಸರ್ ರೋಗಿಗಳಿಗೆ ಸರಿಯಾಗಿ ತಿಳಿಸದೆ ಪ್ರಯೋಗದ ರಾಸಾಯನಿಕ ಚುಚ್ಚಿದ ಪ್ರಕರಣ ದೊಡ್ಡ ಗದ್ದಲವಾಗಿತ್ತು. ಆಮೇಲೆ ನಿಯಮಗಳು ಬಿಗಿಯಾದವು. 2007ರಲ್ಲಿ ರಾಷ್ಟ್ರೀಯ ನೋಂದಣಿ ಆರಂಭವಾಯಿತು, 2019ರಲ್ಲಿ ಹೊಸ ನಿಯಮಾವಳಿ ಬಂತು. ನೋಂದಾಯಿತ ಅಧ್ಯಯನದ ವಿವರವನ್ನು ಯಾರೂ ಕಂಪ್ಯೂಟರಿನಲ್ಲಿ ನೋಡಬಹುದು.

ನಾನು ಅವರಿಗೆ ಹೇಳಿದ್ದು ಇಷ್ಟೇ. ಕಾಗದ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬೇಕೆಂದು ಕೇಳಿ. ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ ಎಂದು ಕೇಳಿ. ಹೆಚ್ಚಿನ ಪರೀಕ್ಷೆಗಳ ಖರ್ಚು ಯಾರದು, ರಾತ್ರಿ ತೊಂದರೆಯಾದರೆ ಯಾರಿಗೆ ಫೋನು ಮಾಡುವುದು, ಅದನ್ನೂ ಕೇಳಿ. ಸೈ ಹಾಕಿದ ಪ್ರತಿಯೊಂದನ್ನು ಮನೆಗೆ ತನ್ನಿ. ಬೇಡವೆನಿಸಿದ ದಿನ ಹೊರಬರಬಹುದು, ಅದರಿಂದ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸೇರಿದರೆ ಮಾತ್ರ ಕರೆದಾಗಲೆಲ್ಲ ಹೋಗಿ. ದಿನದ ಕೊನೆಗೆ ಹತ್ತು ರೂಪಾಯಿ ತಾಳೆಯಾಗದೆ ರಾತ್ರಿ ಎಂಟರವರೆಗೆ ವೋಚರ್ ಹುಡುಕಿದವನು ನಾನು. ಊರಿಗೆ ಹೋದ ರೋಗಿ ಮತ್ತೆ ಬಾರದಿದ್ದರೆ ಆ ಡಾಕ್ಟರರ ಪುಸ್ತಕವೂ ತಾಳೆಯಾಗುವುದಿಲ್ಲ.

ಅವರು ಸೇರಿದರೋ ಇಲ್ಲವೋ, ನಾನು ಕೇಳಲಿಲ್ಲ. ಅದು ಅವರ ಮನೆಯ ವಿಷಯ.

ಭಾವ ಈಗಲೂ ತಪಾಸಣೆಗೆ ಬರುತ್ತಾರೆ. ಮಾತಿನಲ್ಲಿ ಸ್ವಲ್ಪ ತೊದಲು ಉಳಿದಿದೆ. ಅಂಗಡಿಯಲ್ಲಿ ಹೊಗೆಸೊಪ್ಪು ಮಾರುವುದನ್ನು ಬಿಟ್ಟಿದ್ದಾರೆ, ಗಿರಾಕಿಗಳು ಮುಂದಿನ ಅಂಗಡಿಗೆ ಹೋಗುತ್ತಾರೆ ಎಂದು ಗೊಣಗುವುದನ್ನು ಬಿಟ್ಟಿಲ್ಲ. ಮನೆಗೆ ಬಣ್ಣ ಹೊಡೆಸಿದಾಗ ಕ್ಯಾಲೆಂಡರಿನ ಪಕ್ಕದ ಅಷ್ಟು ಜಾಗವನ್ನು ಹೆಂಡತಿ ಹಾಗೆಯೇ ಬಿಡಿಸಿದ್ದಳು. ಕಳೆದ ಸಲ ಬಂದಾಗ ಅವರು ನೇರ ಅಲ್ಲಿಗೆ ಹೋಗಿ ಎಡಗೈ ಎತ್ತಿ ನೋಡಿದರು. ಕೊನೆಯ ಗೆರೆಗಿಂತ ಅರ್ಧ ಇಂಚು ಕೆಳಗೆ ನಿಂತಿತು. "ರೈಲಿನಲ್ಲಿ ಕೂತು ಕೂತು ಹಿಡಿದುಕೊಂಡಿದೆ, ನಾಳೆ ನೋಡುವ" ಎಂದು ಹೇಳಿ ಚಹಾ ಕೇಳಿದರು.